ಎರಡರ ಮದ್ದಳೆ

ಪುತ್ತೂರಿನ ನಿಲ್ದಾಣದಿಂದ ಬಸ್ಸು ಇನ್ನೂ ಹೊರಟಿರಲಿಲ್ಲ, ಆಗಲೇ ಹಿಂದಿನ ಸೀಟಿನ ಯಾರದೋ ಮೊಬೈಲಿನಿಂದ ಸಮನ್ವಿತಾಳ ಸ್ವರ ಕೇಳಿಸಿತು. ಇದನ್ನು ಎತ್ತಿ ಕಿಟಕಿಯಿಂದ ಹೊರಗೆ ಬಿಸಾಡಬೇಕು ಎಂದು ಶಂಕರಿಗೆ ಅನ್ನಿಸಿತು. ಮೊಬೈಲನ್ನೋ, ಹಿಡಿದವರನ್ನೋ ಎಂಬುದನ್ನು ಅವಳು ತೀರ್ಮಾನ ಮಾಡಿರಲಿಲ್ಲ. ಯುದ್ಧಕ್ಕೆ ಹೊರಟ ಗಂಡನನ್ನು ಹೆಂಡತಿ ತಡೆಯುವ ಪದ್ಯ ಅದು. ಕೊನೆಯ ಸಾಲಿಗೆ ಮೊದಲು ಸ್ವರ ಮೇಲಕ್ಕೆ ಹೋಗಿ ಅಲ್ಲಿಯೇ ನಿಲ್ಲಬೇಕು, ಅಲ್ಲಾಡಬಾರದು, ಮದ್ದಳೆಯವನು ಕೂಡ ಕೈ ಎತ್ತಿಕೊಂಡು ಕಾಯಬೇಕು. ಹುಡುಗಿ ನಿಂತಳು. ಕೇಳುತ್ತಿದ್ದವರು ಅಷ್ಟನ್ನೇ ಹಿಂದಕ್ಕೆ ಎಳೆದು ಮತ್ತೆ ಹಾಕಿದರು, ಇನ್ನೊಮ್ಮೆ ಹಾಕಿದರು. ಹಾಗೆ ನಿಲ್ಲುವುದನ್ನು ಕಲಿಸಿದವಳು ತಾನು, ದರ್ಬೆಯ ಬಾಡಿಗೆ ಮನೆಯ ಮಹಡಿಯಲ್ಲಿ, ಹುಡುಗಿಯ ಬೆನ್ನಿಗೆ ಅಂಗೈ ಒತ್ತಿ ಹಿಡಿದು, ಉಸಿರು ಗಂಟಲಿನಿಂದ ಅಲ್ಲ ಇಲ್ಲಿಂದ ಬರಬೇಕು ಎಂದು ತೋರಿಸಿಕೊಟ್ಟವಳು. ಮೊಬೈಲಿನಲ್ಲಿ ಅಂಗೈ ಕಾಣುವುದಿಲ್ಲ. ಕಾಣುವುದು ಹುಡುಗಿಯ ಜರಿ ಸೀರೆ, ಕೆಳಗೆ ಲಕ್ಷಗಟ್ಟಲೆ ಜನರ ಚಪ್ಪಾಳೆಯ ಚಿತ್ರಗಳು. ಅವುಗಳನ್ನು ಒತ್ತಲಿಕ್ಕೆ ಹೆಬ್ಬೆರಳೊಂದಿದ್ದರೆ ಸಾಕು, ಕಿವಿ ಬೇಕೆಂದಿಲ್ಲ.

"ಶಂಕರಕ್ಕ, ನೀವಾ? ಆ ಕಡೆ ಮುಖ ಮಾಡಿ ಕೂತಿದ್ದೀರಿ, ಗೊತ್ತೇ ಆಗ್ಲಿಲ್ಲ." ಫ್ಯಾನ್ಸಿ ಅಂಗಡಿಯ ನಶೀದಾ. ಮೊದಲೆಲ್ಲ ಶಂಕರಿ ಅವಳಲ್ಲಿಂದ ಪಿನ್ನು, ರಿಬ್ಬನ್ನು, ವೇಷಕ್ಕೆ ಬೇಕಾದ ಮಣಿ ಕೊಳ್ಳುತ್ತಿದ್ದಳು. "ಇದು ನಿಮ್ಮ ಹುಡುಗಿಯೇ ಅಲ್ವಾ? ಎಂತ ಸ್ವರ ಮಾರಾಯ್ರೆ! ನನ್ನ ಮಗಳು ಇದನ್ನು ಹಾಕದೆ ಉಣ್ಣುದಿಲ್ಲ."

"ಹೌದಾ," ಎಂದಳು ಶಂಕರಿ.

"ನೀವು ಈಗಲೂ ಹಾಡ್ಲಿಕ್ಕೆ ಹೋಗುದುಂಟಾ?"

ನಶೀದಾಳ ಕಣ್ಣಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಕಷ್ಟ. ಕೆಟ್ಟದ್ದಿದ್ದರೆ ಒಂದು ಮಾತು ಬಿಗಿದು ಮುಗಿಸಬಹುದಿತ್ತು. ಉಂಟು, ಈಗ ಹೋಗುದೂ ಅದಕ್ಕೇ, ಎಂದು ಹೇಳಿ ಶಂಕರಿ ಕಿಟಕಿಯ ಕಡೆ ತಿರುಗಿದಳು. ಯಾರೊಟ್ಟಿಗೆ ಎಂದು ಹೇಳಲಿಲ್ಲ. ಹೇಳಿದ್ದರೆ ನಶೀದಾಳೂ ಕಾಣಿಯೂರಿನಲ್ಲೇ ಇಳಿಯುತ್ತಿದ್ದಳು.

ಕಾಣಿಯೂರಿನ ಸುದರ್ಶನ ಭಟ್ಟರಿಗೆ ಅರುವತ್ತು ತುಂಬಿದ ಸಮಾರಂಭ. ಊಟದ ಹೊತ್ತಿಗೆ ಮದುವೆ ಹಾಲಿನಲ್ಲಿ ಯಕ್ಷಗಾನ ಗಾನವೈಭವ: ವೇಷ ಇಲ್ಲ, ಮಾತು ಇಲ್ಲ, ಪದ್ಯ ಮಾತ್ರ. ಇಬ್ಬರು ಭಾಗವತರು, ಒಬ್ಬರಾದ ಮೇಲೆ ಒಬ್ಬರು. ಚೆಂಡೆ ಬೇಡ ಎಂದು ಭಟ್ಟರು ಮೊದಲೇ ಹೇಳಿದ್ದರು. ನೆಂಟರಿಗೆ ಒಬ್ಬರಿಗೊಬ್ಬರು ಮಾತಾಡಲಿಕ್ಕೆ ಉಂಟಲ್ಲ, ಎಂದು. ಪದ್ಯ ಅನ್ನುವುದು ಹೋಳಿಗೆಯೊಟ್ಟಿಗೆ ಬಡಿಸುವ ತುಪ್ಪದ ಹಾಗೆ, ಬೇಕಾದವರಿಗೆ ಒಂದು ಚಮಚ. ಆದರೂ ಶಂಕರಿ ಒಪ್ಪಿದ್ದಳು. ಜೊತೆಗೆ ಹಾಡುವವಳು ಸಮನ್ವಿತಾ ಎಂದು ಗೊತ್ತಾದ ಮೇಲೆಯೇ ಒಪ್ಪಿದ್ದಳು. ಒಪ್ಪಿ ಫೋನಿಟ್ಟ ಕೂಡಲೇ ಮದ್ದಳೆಯ ಜತ್ತಪ್ಪನಿಗೆ ಫೋನು ಮಾಡಿ ಹೇಳಿದ್ದಳು: "ಕಾಣಿಯೂರಿಗೆ ಎರಡರ ಮದ್ದಳೆ ಮಾತ್ರ ತಾ. ಐದರದ್ದು ಮನೆಯಲ್ಲೇ ಇರ್ಲಿ."

ಜತ್ತಪ್ಪ ಕೇಳಿದ, "ಆ ಹುಡುಗಿ ಹಾಡುದು ಐದರಲ್ಲಿ ಅಲ್ವಾ ಅಕ್ಕ?"

"ಹಿರಿಯವಳು ನಾನಾ, ಅವಳಾ?"

ಆಯ್ತು ಎಂದು ಅವನು ಫೋನಿಟ್ಟ. ಶ್ರುತಿ ಹಿರಿಯರದ್ದು, ಅದು ರಂಗದ ರೀತಿ. ಹಾರ್ಮೋನಿಯಮ್ಮಿನ ಬಿಳಿ ಮನೆಗಳನ್ನು ಎಡದಿಂದ ಎಣಿಸಿ ಎರಡು, ಮೂರು, ಐದು ಎಂದು ಹೇಳುವುದು. ಅಂಕೆ ಏರಿದ ಹಾಗೆ ಶ್ರುತಿ ಏರುತ್ತದೆ. ಮದ್ದಳೆಯನ್ನು ಆಯಾ ಶ್ರುತಿಗೆಂದೇ ಕಟ್ಟಿರುತ್ತಾರೆ. ಬಾರು ಬಿಗಿದು ಸ್ವಲ್ಪ ಏರಿಸಬಹುದು, ಎರಡರದ್ದನ್ನು ಐದಕ್ಕೆ ಏರಿಸಲು ಹೋದರೆ ಚರ್ಮ ಹರಿದೀತು. ಸಮನ್ವಿತಾಳ ಸ್ವರದ ಹೊಳಪೆಲ್ಲ ಇರುವುದು ಐದರಲ್ಲಿ. ಎರಡಕ್ಕೆ ಇಳಿಸಿದರೆ ಅವಳಿಗೆ ಕೆಳಗಿನ ಸ್ವರಗಳು ಸಿಗುವುದಿಲ್ಲ, ಸಿಕ್ಕಿದ್ದೂ ಕೇಳಿಸುವುದಿಲ್ಲ. ಕಾಣಿಯೂರಿನಲ್ಲಿ, ಕಡಬ ಸುಳ್ಯಗಳಿಂದ ಬಂದ ನೆಂಟರೆಲ್ಲರ ಎದುರು, ಲಕ್ಷ ಹೆಬ್ಬೆರಳಿನ ಹುಡುಗಿ ಬಾವಿಯೊಳಗಿಂದ ಹಾಡಿದ ಹಾಗೆ ಹಾಡುತ್ತಾಳೆ. ಶಂಕರಿ ಯಾರಿಗೂ ಒಂದು ಕೆಟ್ಟ ಮಾತು ಹೇಳಬೇಕಾಗಿಲ್ಲ. ತನ್ನ ಶ್ರುತಿಯಲ್ಲಿ ತಾನು ಕೂತರೆ ಸಾಕು.

ತನ್ನ ಶ್ರುತಿ. ಅದೂ ಐದೇ ಆಗಿತ್ತು. ಗಂಟಲಿನಲ್ಲಿ ಒಂದು ಗಂಟು ಬಂದು, ಮಂಗಳೂರಿನ ಡಾಕ್ಟರು ಒಂದು ಮಳೆಗಾಲ ಬಾಯಿ ಮುಚ್ಚಿಕೊಂಡಿರಿ ಎಂದರೆ, ಇವಳು ನವರಾತ್ರಿಗೆ ಒಪ್ಪಿಕೊಂಡ ಕಾರ್ಯಕ್ರಮಗಳನ್ನೆಲ್ಲ ಹಾಡಿ ಮುಗಿಸಿದ್ದಳು. ಆಮೇಲೆ ಐದು ನಾಲ್ಕಾಯಿತು. ನಾಲ್ಕರಲ್ಲಿ ಒಂದು ದಿನ ಸ್ವರ ಒಡೆದು ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಅದು ಕೆಮ್ಮಲ್ಲ ನಗು ಎಂದು ಗೊತ್ತಾಯಿತು. ಮೂರಕ್ಕೆ ಇಳಿದಳು, ಎರಡಕ್ಕೆ ಇಳಿದಳು. ಅಲ್ಲಿಂದ ಮೇಲೆ ಒಬ್ಬಳೇ ಹಾಡುವ ಕಡೆ ಮಾತ್ರ ಹೋಗುತ್ತಿದ್ದಳು. ಜನರಿಗೆ ಶ್ರುತಿಯ ಅಂಕೆ ಗೊತ್ತಾಗುವುದಿಲ್ಲ, ಸ್ವರ ಗಂಭೀರ ಆಗಿದೆ ಅನ್ನುತ್ತಿದ್ದರು, ಕೆಲವರು ಅದನ್ನೇ ಹೊಗಳುತ್ತಿದ್ದರು. ಗೊತ್ತಿದ್ದವನು ಜತ್ತಪ್ಪ ಒಬ್ಬ. ಯಾರಿಗಾದರೂ ಹೇಳಿದರೆ ನಿನ್ನ ಮದ್ದಳೆ ಹರಿದು ಹಾಕುತ್ತೇನೆ ಎಂದು ಅವನಿಗೆ ಹೇಳಿದ್ದಳು. ತಮಾಷೆಗೆ ಹೇಳಿದ್ದಲ್ಲ.

ಸವಣೂರು ದಾಟುವಾಗ ಬಸ್ಸು ಹೊಂಡಕ್ಕೆ ಇಳಿದು ಎದ್ದಿತು. ನೀನು ವೇಷ ಮಾಡು ಮಗಾ, ಎಂದಿದ್ದರು ಹಿಂದೆ ಅವಳ ಗುರು ಚೆನ್ನಕೇಶವ ಭಾಗವತರು. ಆಲೆಟ್ಟಿಯಲ್ಲಿ ಅವರ ಮನೆಯ ಚಾವಡಿಯಲ್ಲಿ ಕಲಿಯಲು ಹೋಗುತ್ತಿದ್ದ ಏಳೆಂಟು ಮಂದಿಯಲ್ಲಿ ಹುಡುಗಿ ಇವಳೊಬ್ಬಳೇ. ಮೊದಲ ಸಲ ರಂಗದಲ್ಲಿ ಪದ್ಯ ಹಾಡಲು ಕೂರಿಸಿದಾಗ ಶ್ರುತಿ ಅವರದ್ದು, ಗಂಡಸಿನದ್ದು. ಸ್ವಲ್ಪ ಏರಿಸಬಹುದಾ ಎಂದು ಕೇಳಿದ್ದಕ್ಕೆ, ನನ್ನ ಶ್ರುತಿಗೆ ಬರುವುದಾದರೆ ಬಾ, ಎಂದರು. ಅವಳು ಬಾಯಿ ತೆರೆದಳು, ಬಂದದ್ದು ಏನು ಎಂದು ಅವಳಿಗೇ ಕೇಳಿಸಲಿಲ್ಲ. ಆಮೇಲೆ ಅವರು ತಲೆ ಸವರಿ, ಎಲ್ಲರ ಎದುರು, ಪ್ರೀತಿಯಿಂದಲೇ, ಆ ಮಾತು ಹೇಳಿದ್ದು. ಆ ಪ್ರೀತಿಗೆ ಬೆಂಕಿ ಹಾಕಬೇಕು. ವೇಷ ಮಾಡಿದಳು. ಹೆಂಗಸರ ತಂಡದಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಮೀಸೆ ಬರೆದುಕೊಂಡು, ಕಿರೀಟ ಕಟ್ಟಿಕೊಂಡು, ಸುಳ್ಯದಿಂದ ಕಡಬದವರೆಗೆ ಒಂದು ಶಾಲೆಯ ಅಂಗಳ ಬಿಡದೆ ರಾಜನಾಗಿ ಗರ್ಜಿಸಿದಳು. ಒಳ್ಳೆಯ ವೇಷಧಾರಿ ಎಂದು ಹೆಸರಾಯಿತು. ಚೌಕಿಯಲ್ಲಿ, ಬಣ್ಣ ಹಚ್ಚುವ ಚಪ್ಪರದಲ್ಲಿ, ಬಟ್ಟೆ ಸರಿಸಿ ಇಣುಕುವ ಗಂಡಸರಿಗೆ ಈ ಮೀಸೆಯವಳು ನಿಜವಾಗಿ ಹೆಂಗಸೇ ಹೌದಾ ಎಂದು ನೋಡುವ ಚಪಲ. ಕುಣಿಯುವಾಗೆಲ್ಲ ಬೆನ್ನ ಹಿಂದೆ ಭಾಗವತರ ಸ್ವರ ಕೇಳುತ್ತಿತ್ತು, ಯಾವನೋ ಒಬ್ಬನದ್ದು, ಮತ್ತು ಅವಳು ಕಿರೀಟದ ಕೆಳಗೆ ತುಟಿ ಬಿಚ್ಚದೆ ಅದೇ ಪದ್ಯವನ್ನು ಅದಕ್ಕಿಂತ ಚೆನ್ನಾಗಿ ಹಾಡುತ್ತಿದ್ದಳು. ಚೆನ್ನಕೇಶವ ಭಾಗವತರು ತೀರಿಕೊಂಡ ಸುದ್ದಿ ಬಂದ ದಿನ ಕಣ್ಣೀರು ಬಂದದ್ದು ನಿಜ. ಮರುದಿನ ಪೇಟೆಗೆ ಹೋಗಿ ಹಾರ್ಮೋನಿಯಂ ತಂದದ್ದೂ ನಿಜ. ಆಗ ಅವಳಿಗೆ ನಲುವತ್ತು ದಾಟಿತ್ತು. ಹಾಡಿದ್ದು ಎಷ್ಟು ವರ್ಷ? ಈ ಹುಡುಗಿ ಇಪ್ಪತ್ತರಲ್ಲೇ ಶುರು ಮಾಡಿದಳು, ಬೆನ್ನಿಗೆ ಅಂಗೈ ಇಟ್ಟುಕೊಂಡು.

ಹಾಲಿನ ಬಾಗಿಲಲ್ಲಿ ಭಟ್ಟರು ಹೊಸ ಪಂಚೆಯಲ್ಲಿ ನಿಂತಿದ್ದರು. "ಬನ್ನಿ ಬನ್ನಿ ಶಂಕರಿಯಕ್ಕ. ನಿಮ್ಮ ರಾಜವೇಷ ನಾನು ರಾಮಕುಂಜದಲ್ಲಿ ನೋಡಿದ್ದು, ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ನಿಮ್ಮ ಶಿಷ್ಯೆಯೂ ಬಂದಾಯ್ತು. ಮಕ್ಕಳೆಲ್ಲ ಅವಳೊಟ್ಟಿಗೆ ಫೋಟೋ ತೆಗೀಲಿಕ್ಕೆ ಮುತ್ತಿಕೊಂಡಿದ್ದಾರೆ ಮಾರಾಯ್ರೆ." ರಾಜವೇಷ ಕಣ್ಣಿಗೆ ಕಟ್ಟಿತ್ತು, ಹಾಡು ಕಿವಿಗೆ ಕಟ್ಟಿರಲಿಲ್ಲ. ಶಂಕರಿ ಕೈ ಮುಗಿದಳು, ಅರುವತ್ತು ನೂರಾಗಲಿ ಎಂದೇನೋ ಹೇಳಿದಳು. ಇದೇ ಭಟ್ಟರ ಹತ್ತಿರ ಫೋನಿನಲ್ಲಿ, ಹುಡುಗಿಗೆ ಈಚೆಗೆ ಕಾಲು ನೆಲದಲ್ಲಿ ನಿಲ್ಲುವುದಿಲ್ಲ, ಹೇಳಿದ ಹೊತ್ತಿಗೆ ಬರುವುದು ಡೌಟು, ಎಂದು ತಾನೇ ಹೇಳಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಹುಡುಗಿ ಬಂದಾಗಿತ್ತು. ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದಳು.

ವೇದಿಕೆಯಲ್ಲಿ ಜತ್ತಪ್ಪ ಮದ್ದಳೆಯ ಚೀಲ ಬಿಚ್ಚುತ್ತಿದ್ದ. ಒಂದೇ ಚೀಲ. ಅಷ್ಟಾದರೂ ಮಾತು ಕೇಳಿದನಲ್ಲ. ಸಮನ್ವಿತಾ ಫೋಟೋದವರಿಂದ ಬಿಡಿಸಿಕೊಂಡು ಓಡಿ ಬಂದಳು, ಬಗ್ಗಿ ಕಾಲು ಮುಟ್ಟಿದಳು. "ಸೌಖ್ಯ ಇದ್ದೀರಾ ಅಕ್ಕ? ಗಂಟಲು ಹೇಗುಂಟು?"

"ಗಂಟಲಿಗೆ ಎಂತ ಆಗಿದೆ?"

"ಅಲ್ಲ, ಸುಮ್ಮನೆ ಕೇಳಿದ್ದು." ಹುಡುಗಿ ಕೂತಳು, ಪದ್ಯದ ಪುಸ್ತಕ ಸರಿ ಮಾಡಿದಳು, ಮೊಬೈಲು ತೆಗೆದು ಶ್ರುತಿ ಹಾಕಿದಳು. ಊಟದ ಹಾಲಿಗೆ ಮೇಲಿನ ಶ್ರುತಿ ಕಿವಿಗೆ ಹೊಡೆಯುತ್ತದೆ, ಇವತ್ತು ಕೆಳಗೆ ಹಾಡುವ, ಎಂಬ ಮಾತನ್ನು ಶಂಕರಿ ಬಸ್ಸಿನಲ್ಲಿ ಎಷ್ಟೋ ಸಲ ತಿದ್ದಿ ಇಟ್ಟುಕೊಂಡಿದ್ದಳು. ಬಾಯಿ ತೆರೆಯುವುದರೊಳಗೆ ಮೊಬೈಲಿನಿಂದ ಶ್ರುತಿ ಎದ್ದಿತು. ಎರಡು. ತಪ್ಪಿ ಹಾಕಿದ್ದಲ್ಲ, ಹುಡುಗಿ ಅವಳ ಮುಖ ನೋಡದೆ, ಪುಸ್ತಕದ ಹಾಳೆ ತಿರುಗಿಸುತ್ತಾ, ಮೆಲ್ಲನೆ ಕೇಳಿದಳು, "ಎರಡಲ್ವಾ ಅಕ್ಕ?"

ಶಂಕರಿ ಜತ್ತಪ್ಪನ ಕಡೆ ನೋಡಿದಳು. ಅವನು ಮದ್ದಳೆಯ ಬಾರಿಗೆ ಏನೋ ಭಾರೀ ಕೆಲಸ ಇದ್ದವನ ಹಾಗೆ ತಲೆ ತಗ್ಗಿಸಿದ. "ನೀನು ಹೇಳಿದ್ದಾ?"

"ಎಂತ ಮಾಡುದು ಅಕ್ಕ, ಆ ಹುಡುಗಿಯೇ ಫೋನು ಮಾಡಿ ಕೇಳಿದ್ದು. ಅದೂ ಇವತ್ತು ನಿನ್ನೆ ಅಲ್ಲ."

"ನಾನು ಕೆಳಗೆ ಅಭ್ಯಾಸ ಮಾಡಿಕೊಂಡೇ ಬಂದಿದ್ದೇನೆ," ಎಂದಳು ಸಮನ್ವಿತಾ. "ಒಂದು ತಿಂಗಳಿಂದ ಮಾಡ್ತಾ ಇದ್ದೇನೆ. ನೀವು ಎಂತದೂ ತಲೆಬಿಸಿ ಮಾಡ್ಬೇಡಿ."

ತಲೆಬಿಸಿ ಮಾಡಬೇಡಿ. ಅಂದರೆ ಒಂದು ತಿಂಗಳಿಂದ ಆ ಹುಡುಗಿ ತನ್ನ ಮನೆಯಲ್ಲಿ ಕೂತು, ಬಾಗಿಲು ಹಾಕಿಕೊಂಡು, ಇವಳ ಸೋಲನ್ನು ಅಭ್ಯಾಸ ಮಾಡುತ್ತಿದ್ದಳು. ಇವಳು ಕತ್ತಿ ಮಸೆಯುತ್ತಿದ್ದ ಹೊತ್ತಿಗೆ ಅವಳು ಕುತ್ತಿಗೆಯನ್ನು ತೊಳೆದು ಒರಸಿ ಸಿದ್ಧ ಮಾಡಿಕೊಂಡಿದ್ದಳು. ಅವಳೂ ಜತ್ತಪ್ಪನೂ ಸೇರಿ, ಫೋನಿನಲ್ಲಿ, ಅಯ್ಯೋ ಪಾಪ ಎಂದಿರಬೇಕು. ಮದ್ದಳೆಯವನಿಂದ ಪಾಪ ಅನ್ನಿಸಿಕೊಳ್ಳುವ ಸ್ಥಿತಿ ಬಂತು. ಶಂಕರಿಗೆ ತಾಳಕ್ಕೆಂದು ಎದುರಿಗಿಟ್ಟಿದ್ದ ಜಾಗಟೆಯನ್ನು ಎತ್ತಿ ಅವನ ಮಂಡೆಗೆ ಹಾಕುವಷ್ಟು ಸಿಟ್ಟು ಬಂತು. ಆದರೆ ಮೈಕಿನವನು ಆಗಲೇ ಹಲೋ ಹಲೋ ಎನ್ನುತ್ತಿದ್ದ, ಭಟ್ಟರ ಮಗ ಸ್ವಾಗತ ಹೇಳುತ್ತಿದ್ದ: ಯಕ್ಷರಂಗದ ಯುವ ಕೋಗಿಲೆ ಸಮನ್ವಿತಾ ಮತ್ತು ಅವರ ಗುರುಗಳು.

ಮೊದಲ ಪದ್ಯ ಶಂಕರಿಯದ್ದು. ಎರಡರಲ್ಲಿ ಸ್ವರ ಕೂತಿತು, ತಪ್ಪಿಲ್ಲ, ಒಡಕಿಲ್ಲ. ಕೆಳಗಿನ ಸ್ವರಗಳು ದಪ್ಪವಾಗಿ ಹಾಲಿನ ಮೂಲೆಯವರೆಗೂ ಹೋದವು. ಪಂಕ್ತಿಯಲ್ಲಿ ಕೂತವರು ಕೆಲವರು ತಲೆ ಎತ್ತಿ ನೋಡಿದರು. ಅವಳು ಹಾಡುತ್ತಲೇ ಕಿವಿಯನ್ನು ಪಕ್ಕಕ್ಕೆ ಇಟ್ಟುಕೊಂಡಿದ್ದಳು, ಹುಡುಗಿ ಹೇಗೆ ಉಸಿರಾಡುತ್ತಿದ್ದಾಳೆ ಎಂದು. ಆಮೇಲೆ ಸಮನ್ವಿತಾ ಎತ್ತಿದಳು, ಅದೇ ಹೆಂಡತಿ ತಡೆಯುವ ಪದ್ಯ, ಎರಡರಲ್ಲಿ. ಬಾವಿಯೊಳಗಿಂದ ಬರಲಿಲ್ಲ, ಅಭ್ಯಾಸ ಮಾಡಿದ್ದಾಳೆ, ಬುದ್ಧಿವಂತೆ, ಕೆಳಗಿನ ಸ್ವರಗಳನ್ನು ಮೈಕಿಗೆ ಹತ್ತಿರ ಹೋಗಿ ಮುಟ್ಟಿದಳು. ಆದರೆ ಅದು ಹುಡುಗಿಯ ಸ್ವರವಾಗಿರಲಿಲ್ಲ. ಅನ್ನದ ಬಕೆಟ್ಟಿನ ಸದ್ದು ಅದಕ್ಕಿಂತ ಜೋರಿತ್ತು. ಮೇಲೆ ಹೋಗಿ ನಿಲ್ಲುವ ಜಾಗ ಬಂತು, ನಿಂತಳು, ಸರಿಯಾಗಿಯೇ ನಿಂತಳು. ಯಾರೂ ಕೈಯ ತುತ್ತು ಬಾಯಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಫೋಟೋ ತೆಗೆಸಿಕೊಂಡ ಮಕ್ಕಳು ಮೊಬೈಲು ಕೆಳಗಿಟ್ಟವು. ಮುಂದಿನ ಪಂಕ್ತಿಗೆ ಕಾಯುತ್ತಿದ್ದ ಒಬ್ಬ ಹೆಂಗಸು ಇನ್ನೊಬ್ಬಳಿಗೆ, "ಮೊಬೈಲಿನಲ್ಲಿ ಕೇಳಿದಷ್ಟು ಇಲ್ಲ ಅಲ್ವಾ?" ಎಂದದ್ದು ವೇದಿಕೆಗೆ ಸ್ಪಷ್ಟವಾಗಿ ಕೇಳಿಸಿತು.

ಇದೇ ಆಗಬೇಕಾಗಿತ್ತು. ಇದನ್ನೇ ಶಂಕರಿ ತಿಂಗಳಿಂದ ಮನಸ್ಸಿನಲ್ಲಿ ಉಂಡದ್ದು. ಈಗ ಎದುರಿಗೆ ಬಡಿಸಿ ಇಟ್ಟಾಗ ಗಂಟಲಿನಿಂದ ಇಳಿಯಲಿಲ್ಲ. ಗೆದ್ದದ್ದಾದರೆ ಸರಿ, ಇದು ಗೆದ್ದದ್ದಲ್ಲ, ಹುಡುಗಿ ಕೊಟ್ಟದ್ದು. ಭಟ್ಟರು ವೇದಿಕೆಯ ಹತ್ತಿರ ಬಂದು ಬಗ್ಗಿ ಕೇಳಿದರು, "ಹುಡುಗಿಗೆ ಎಂತಾಯ್ತು? ಶೀತವಾ? ಇಲ್ಲದಿದ್ರೆ ನೀವೇ ಹೆಚ್ಚು ಹಾಡಿ ಶಂಕರಿಯಕ್ಕ, ನಿಮ್ಮದು ಇವತ್ತು ಒಳ್ಳೆ ಬರ್ತಾ ಉಂಟು."

ಸಮನ್ವಿತಾ ಮೈಕಿಗೆ ಬಾಗಿದಳು. "ಕ್ಷಮಿಸಬೇಕು, ನನಗೆ ಸ್ವಲ್ಪ ಶೀತ ಆಗಿದೆ," ಎಂದಳು, ಎಲ್ಲರಿಗೂ ಕೇಳುವ ಹಾಗೆ, ನಗುತ್ತಾ. "ಇವತ್ತು ನಮ್ಮ ಗುರುಗಳ ಹಾಡು ಕೇಳುವ."

ಚಪ್ಪಾಳೆ ಬಿತ್ತು. ಶಂಕರಿ ಆ ಚಪ್ಪಾಳೆಯನ್ನು ಕೇಳುತ್ತಾ ಕೂತಳು. ಇಷ್ಟು ಸುಲಭವಾಗಿ ಸುಳ್ಳು ಹೇಳಿದಳಲ್ಲ, ನೆಂಟರ ಎದುರು, ದೇವರಿಗೆ ಹೂ ಇಟ್ಟ ಹಾಗೆ. ನಾಳೆ ಇದನ್ನೂ ಯಾರೋ ಮೊಬೈಲಿಗೆ ಹಾಕುತ್ತಾರೆ, ಗುರುಭಕ್ತಿ ಎಂದು ಬರೆಯುತ್ತಾರೆ. ಚೆನ್ನಕೇಶವ ಭಾಗವತರಾದರೂ ಪರವಾಗಿರಲಿಲ್ಲ ಅನ್ನಿಸಿತು. ಅವರು ತನ್ನನ್ನು ಮುಳುಗಿಸಿದಾಗ ತಾನು ಮುಳುಗಲು ಒಪ್ಪಿರಲಿಲ್ಲ, ಒಳಗೊಳಗೆ ಬೈಯುತ್ತಲೇ ಮುಳುಗಿದ್ದಳು, ಆ ಬೈಗುಳದ ಬಲದಲ್ಲೇ ಇಷ್ಟು ವರ್ಷ ನಡೆದಿದ್ದಳು. ಈ ಹುಡುಗಿ ಒಪ್ಪಿ ಮುಳುಗುತ್ತಾಳೆ. ಇವಳಿಗೆ ಬೈಯಲೂ ಬರುವುದಿಲ್ಲ. ಇಂಥವಳಿಗೆ ತಾನು ಆ ಜಾಗ ಕಲಿಸಿದ್ದು ಎರಡರಲ್ಲಿ ಹಾಡಿ ಅನ್ನದ ಬಕೆಟ್ಟಿಗೆ ಸೋಲಲಿಕ್ಕಾ? ಸಿಟ್ಟು ಎಲ್ಲಿಂದ ಎಲ್ಲಿಗೆ ತಿರುಗಿತೋ ಅವಳಿಗೇ ತಿಳಿಯಲಿಲ್ಲ. ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇವಳಿಗೆ ಶೀತ ಇಲ್ಲ," ಎಂದಳು. "ಸುಳ್ಳು ಹೇಳ್ತಾಳೆ."

ಹಾಲಿನಲ್ಲಿ ಕೆಲವರು ನಕ್ಕರು, ತಮಾಷೆ ಎಂದು. ಸಮನ್ವಿತಾ ಮೆಲ್ಲನೆ ಅವಳ ಮೊಣಕೈ ಹಿಡಿದಳು. "ಅಕ್ಕ, ಬೇಡ."

"ಕೈ ತೆಗಿ." ಅದೂ ಮೈಕಿನಲ್ಲಿ ಹೋಯಿತು. "ಇವಳ ಶ್ರುತಿ ಐದು. ನನಗೆ ಐದು ಎಟಕುದಿಲ್ಲ. ನಾಲ್ಕೂ ಎಟಕುದಿಲ್ಲ. ಗಂಟಲು ಹೋಗಿ ವರ್ಷ ಆಯ್ತು. ನಾನು ಎರಡಕ್ಕೆ ಇಳಿದದ್ದಕ್ಕೆ ಇವಳೂ ಇಳಿದು ಕೂತಿದ್ದಾಳೆ. ನೀವು ಕೇಳಿದ್ದು ಇವಳ ಹಾಡಲ್ಲ."

ಈಗ ಯಾರೂ ನಗಲಿಲ್ಲ. ಬಡಿಸುವವನೊಬ್ಬ ಸೌಟು ಹಿಡಿದುಕೊಂಡು ಅಲ್ಲೇ ನಿಂತ. ಭಟ್ಟರ ಮುಖ ಅರುವತ್ತರ ಸಂತೋಷವನ್ನು ಎಲ್ಲಿಡುವುದೆಂದು ತಿಳಿಯದೆ ಒದ್ದಾಡಿತು. ಹೇಳಿ ಮುಗಿಸಿದ ಮೇಲೆ ಶಂಕರಿಗೆ ಹಗುರ ಆಗಲಿಲ್ಲ, ಜನರ ಎದುರು ಸೀರೆ ಕಳಚಿ ಬಿದ್ದ ಹಾಗೆ ನಾಚಿಕೆ ಆಯಿತು. ಇನ್ನು ಮೇಲೆ ಗಂಭೀರ ಸ್ವರ ಎಂದು ಯಾರೂ ಹೇಳುವುದಿಲ್ಲ, ಯಾರೂ ಕರೆಯುವುದೂ ಇಲ್ಲ. ಎಲ್ಲದಕ್ಕೂ ಈ ಹುಡುಗಿಯೇ ಕಾರಣ. ಅವಳು ಕೈ ಚಾಚಿ ಹುಡುಗಿಯ ಮೊಬೈಲು ತೆಗೆದುಕೊಂಡು ಶ್ರುತಿಯನ್ನು ಐದಕ್ಕೆ ಏರಿಸಿದಳು.

"ಹಾಡು."

"ಅಕ್ಕ, ಐದರ ಮದ್ದಳೆ ಇಲ್ಲ," ಎಂದ ಜತ್ತಪ್ಪ.

"ಇಲ್ಲ ಅಂತ ನನಗೂ ಗೊತ್ತುಂಟು. ನಾನೇ ಬೇಡ ಹೇಳಿದ್ದು. ನೀನು ಕೈ ಕಟ್ಟಿ ಕೂರು." ಜಾಗಟೆಯನ್ನು ಎಡಗೈಗೆ, ಅದರ ಕೋಲನ್ನು ಬಲಗೈಗೆ ತೆಗೆದುಕೊಂಡಳು. "ಮದ್ದಳೆ ಇಲ್ಲದೆ ಹಾಡು. ತಾಳ ನಾನು ಹಾಕ್ತೇನೆ."

ಸಮನ್ವಿತಾ ಅವಳನ್ನೇ ನೋಡಿದಳು. ಆ ಕಣ್ಣಿನಲ್ಲಿ ಮೊದಲ ಸಲ ಭಕ್ತಿ ಅಲ್ಲದ ಏನೋ ಒಂದು ಕಂಡಿತು. ಸಿಟ್ಟೇ ಇರಬೇಕು, ಒಂದು ತಿಂಗಳ ಅಭ್ಯಾಸವನ್ನು ಎಲ್ಲರ ಎದುರು ಒದ್ದು ಬಿಸಾಡಿದ್ದಕ್ಕೆ. ಶಂಕರಿಗೆ ಅದು ಇಷ್ಟವಾಯಿತು. ಹುಡುಗಿ ಬೆನ್ನು ನೇರ ಮಾಡಿ ಎತ್ತಿದಳು. ಮೊದಲ ಸಾಲಿಗೇ ಹಾಲಿನ ಗಾಳಿ ಬೇರೆ ಆಯಿತು. ಆಚೆ ಕೈ ತೊಳೆಯುವಲ್ಲಿದ್ದವರು ಒದ್ದೆ ಕೈಯಲ್ಲೇ ಒಳಗೆ ಬಂದರು. ಮದ್ದಳೆಯ ಆಸರೆ ಇಲ್ಲದೆ, ಬರೀ ಜಾಗಟೆಯ ಪೆಟ್ಟಿನ ಮೇಲೆ ಕಾಲಿಟ್ಟು ಅವಳು ನಡೆದಳು, ಏರಿದಳು, ಆ ಜಾಗಕ್ಕೆ ಹೋಗಿ ನಿಂತಳು. ಶಂಕರಿಯ ಕೋಲು ಕೂಡ ಮೇಲೆಯೇ ನಿಂತಿತು. ಅಲ್ಲಿಗೆ ತಾನು ಇನ್ನೆಂದೂ ಹೋಗಲಾರಳು. ಹೊಟ್ಟೆಕಿಚ್ಚು ಎಂಬುದು ಮಾತಿಗೆ ಹೇಳುವುದಲ್ಲ, ನಿಜವಾಗಿ ಹೊಟ್ಟೆಯಲ್ಲೇ ಉರಿಯುತ್ತದೆ ಎಂದು ಅವಳಿಗೆ ಗೊತ್ತಾಯಿತು. ಉರಿಯುತ್ತಲೇ ಇತ್ತು, ತಾಳ ಒಂದು ಪೆಟ್ಟೂ ತಪ್ಪಲಿಲ್ಲ.

ಪದ್ಯ ಮುಗಿಯಿತು. ಚಪ್ಪಾಳೆ ನಿಲ್ಲುವ ಹಾಗೆ ಕಾಣಲಿಲ್ಲ. ಸಮನ್ವಿತಾ ಅವಳ ಕಡೆ ತಿರುಗಿ, ಮುಂದಿನದ್ದು ನಿಮ್ಮದು ಎಂಬ ಹಾಗೆ ಕೈ ತೋರಿಸಿದಳು, ಮೊಬೈಲಿನ ಶ್ರುತಿಯನ್ನು ಮತ್ತೆ ಕೆಳಗೆ ಇಳಿಸಲು ಬೆರಳು ಚಾಚಿದಳು. ಅವಳ ಕಣ್ಣು ತುಂಬಿ ನೀರು ಗಲ್ಲಕ್ಕೆ ಇಳಿಯುತ್ತಿತ್ತು. ಶಂಕರಿ ಆ ಬೆರಳನ್ನು ಕೋಲಿನಿಂದ ಹೊಡೆದು ಸರಿಸಿದಳು.

"ಮುಂದಿನದ್ದೂ ನೀನೇ."

"ಅಕ್ಕ..."

"ಅಳ್ಬೇಡ. ಅತ್ತರೆ ಗಂಟಲು ಕಟ್ತದೆ. ಎತ್ತು."